ಮಾರುವ ಕಾರಿಗೆ ಹೊಸ ಬ್ರೇಕ್ ಪೈಪು

ಕಾರು ಮಾರಿಬಿಡೋಣ ಅಂತ ತೀರ್ಮಾನ ಮಾಡಿ ಎರಡು ವಾರ ಆಗಿತ್ತು. ಸೀಟು ತೊಳೆದಿದ್ದೆ, ಹೆಡ್‌ಲೈಟಿನ ಮಂಕು ಉಜ್ಜಿ ತೆಗೆದಿದ್ದೆ, ಹೊರಮೈಗೆ ಪಾಲಿಶ್ ಕೂಡ ಹೊಡೆದಿದ್ದೆ. ಹತ್ತಿರ ಹತ್ತಿರ 20 ವರ್ಷ ಓಡಿದ ಗಾಡಿ. ಆದರೂ ಎಂಜಿನ್ ಮೊದಲ ಸ್ಟಾರ್ಟಿಗೇ ಏಳುತ್ತಿತ್ತು. ಫೋಟೊ ತೆಗೆಯುವ ಮುಂಚೆ ಅಡಿಭಾಗಕ್ಕೂ ಸ್ವಲ್ಪ ನೀರು ಹೊಡೆಯೋಣ ಅಂತ ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಸುಮ್ನೆ ಪಾಲಿಶ್ ಹೊಡೆದು ನಿಲ್ಲಿಸಿದ್ದರೆ ನನಗೇನೂ ಗೊತ್ತಾಗುತ್ತಿರಲಿಲ್ಲ.

ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ, ಚಕ್ರಗಳಿಗೆ ಬ್ರೇಕ್ ಆಯಿಲ್ ಒಯ್ಯುವ ಎರಡು ಬ್ರೇಕ್ ಪೈಪು ಹಿಂದಕ್ಕೆ ಹೋಗುತ್ತವೆ. ಎರಡರ ಮೇಲೂ ಮರದ ತೊಗಟೆ ತರಹ ತುಕ್ಕು ಎದ್ದಿತ್ತು. ಅದರಲ್ಲಿ ಒಂದರ ಮೇಲೆ ಗೇಣುದ್ದ ಜಾಗ ಮಾತ್ರ ಕಪ್ಪಗೆ, ಧೂಳು ಮೆತ್ತಿಕೊಂಡು, ಒದ್ದೆಯಾಗಿ ಕಂಡಿತು. ಆಗ ನೆನಪಾಯಿತು. ಎರಡು ತಿಂಗಳ ಹಿಂದೆ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿದಿತ್ತು. ಬ್ರೇಕ್ ಪ್ಯಾಡ್ ಸವೆದರೆ ಮಟ್ಟ ಸ್ವಲ್ಪ ಇಳಿಯುತ್ತದೆ, ಅದು ಸಹಜ. ನಾನೂ ಹಾಗೇ ಅಂದುಕೊಂಡು ಮೇಲೆ ಒಂದಿಷ್ಟು ಸುರಿದು ಮುಚ್ಚಳ ಹಾಕಿದ್ದೆ.

ಪೈಪನ್ನು ಗಾಡಿಗೆ ಹಿಡಿದಿಡುವ ಕ್ಲಿಪ್ಪಿನೊಳಗೆ ಸ್ಕ್ರೂಡ್ರೈವರ್ ತೂರಿಸಿ ಬಿಡಿಸಿದೆ. ಅಲ್ಲಿ ನೋಡಬೇಕಿತ್ತು ನೀವು. ಪ್ಲಾಸ್ಟಿಕ್ ಕ್ಲಿಪ್ಪಿನ ಒಳಗೆ ವರ್ಷಗಳ ಕೆಸರು ಗಟ್ಟಿಯಾಗಿ ಕೂತಿತ್ತು, ಮುಟ್ಟಿದರೆ ಇನ್ನೂ ತೇವ. ಅದು ಹಿಡಿದಿದ್ದ ಜಾಗದಲ್ಲಿ ಪೈಪು ಇಲಿ ಕಚ್ಚಿದ ಹಾಗೆ ಸಣ್ಣಗಾಗಿತ್ತು. ಹೊರಗೆ ಕಾಣುವ ತುಕ್ಕು ನೋಡಿ ಪೈಪಿನ ಸ್ಥಿತಿ ಹೇಳಲಿಕ್ಕೆ ಆಗುವುದಿಲ್ಲ ಅನ್ನುವುದು ಆವತ್ತು ಅರ್ಥವಾಯಿತು. ಬಯಲಲ್ಲಿರುವ ಪೈಪು ನೆನೆಯುತ್ತದೆ, ಒಣಗುತ್ತದೆ. ಕ್ಲಿಪ್ಪಿನ ಒಳಗೆ, ಟ್ಯಾಂಕಿನ ಮೇಲೆ, ಆಕ್ಸಲ್ ಹತ್ತಿರ ಇರುವುದು ಒಣಗುವುದೇ ಇಲ್ಲ. ಸಮುದ್ರದ ಗಾಳಿಯೋ, ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪೋ ಸೇರಿದರೆ ಮುಗಿಯಿತು.

ಈ ಪೈಪು ಹೊರಗಿನ ಅಳತೆಯಲ್ಲಿ ಬರೀ 4.75 ಎಂಎಂ. ಗೋಡೆಯ ದಪ್ಪ ಒಂದು ಎಂಎಂ ಕೂಡ ಇರುವುದಿಲ್ಲ. ಜೋರಾಗಿ ಬ್ರೇಕ್ ಒತ್ತಿದಾಗ ಒಳಗೆ 100 ಬಾರ್ ಹತ್ತಿರದ ಒತ್ತಡ ಏಳಬಹುದು. ಟೈರಿನ ಗಾಳಿ ಸುಮಾರು 2 ಬಾರ್ ಅಷ್ಟೆ, ಅಂದಾಜಿಗೆ ಹೇಳಿದೆ. ಹಾಗಾಗಿ ದಿನನಿತ್ಯದ ಮೆಲ್ಲಗಿನ ಬ್ರೇಕಿಗೆ ಹಳೇ ಪೈಪು ತಡೆದುಕೊಳ್ಳುತ್ತದೆ. ಯಾರೋ ಅಡ್ಡ ಬಂದು ಪೂರ್ತಿ ತುಳಿದಾಗಲೇ ಒಡೆಯುತ್ತದೆ.

ಮನೆಗೆ ಬಂದ ಗೆಳೆಯನಿಗೆ ತೋರಿಸಿದೆ. "ಮಾರೋ ಗಾಡಿಗೆ ಯಾಕೋ ಇಷ್ಟು ತಲೆ ಕೆಡಿಸ್ಕೋತೀಯ? ವೈರ್ ಬ್ರಷ್ ಆಡಿಸಿ ಕಪ್ಪು ಪೇಂಟ್ ಹೊಡಿ, ಯಾರು ಕೆಳಗೆ ಬಗ್ಗಿ ನೋಡ್ತಾರೆ" ಅಂದ. ಸುಳ್ಳು ಯಾಕೆ ಹೇಳಲಿ, ನನಗೂ ಒಂದು ಕ್ಷಣ ಅದೇ ಸರಿ ಅನ್ನಿಸಿತು. ಎಮರಿ ಪೇಪರ್ ತಂದು ಉಜ್ಜಲು ಶುರು ಮಾಡಿದೆ. ಕೆಳಗೆ ಹೊಳೆಯುವ ಲೋಹ ಬರಬೇಕಿತ್ತು. ಬಂದದ್ದು ಸಿಡುಬಿನ ಕಲೆಯಂಥ ಗುಳಿಗಳು. ಅದರಲ್ಲೊಂದು ಗುಳಿಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ದ್ರವ ಮೂಡಿತು. ಒರೆಸಿದೆ. ಮತ್ತೆ ಮೂಡಿತು. ತುಕ್ಕೇ ಬಿರಡೆ ಹಾಕಿದ ಹಾಗೆ ಆ ತೂತನ್ನು ಮುಚ್ಚಿಕೊಂಡಿತ್ತು! ಗೆಳೆಯ ಏನೂ ಮಾತಾಡಲಿಲ್ಲ. ಗಾಡಿಯ ಕೀಲಿ ಒಳಗಿಟ್ಟು ಬಂದೆ, ರಿಪೇರಿ ಆಗುವವರೆಗೆ ಹೊರಗೆ ತೆಗೆಯಲಿಲ್ಲ.

ಈಗಿನ ಕಾರುಗಳಲ್ಲಿ ಬ್ರೇಕ್ ಎರಡು ಭಾಗವಾಗಿರುತ್ತದೆ, ಒಂದು ಹೋದರೂ ಇನ್ನೊಂದು ಉಳಿಯುತ್ತದೆ ಅಂತ ಕೆಲವರು ಸಮಾಧಾನ ಹೇಳುತ್ತಾರೆ. ನಿಜ. ನನ್ನ ಗಾಡಿಯಲ್ಲಿ ಅದು ಮೂಲೆಯಿಂದ ಮೂಲೆಗೆ, ಅಂದರೆ ಮುಂದಿನ ಬಲ ಚಕ್ರಕ್ಕೆ ಹಿಂದಿನ ಎಡ ಚಕ್ರ ಜೋಡಿ. ಆದರೆ ಎರಡೂ ಪೈಪು ಒಂದೇ ವಯಸ್ಸಿನವು, ಒಂದೇ ಕ್ಲಿಪ್ಪಿನಲ್ಲಿ ಒಂದೇ ಕೆಸರು ತಿಂದವು. ಒಂದು ಕೊಳೆತಿದ್ದರೆ ಪಕ್ಕದ್ದು ಸರದಿಯಲ್ಲಿದೆ ಅಂತಲೇ ಲೆಕ್ಕ. ಹಾಗಾಗಿ ಹಿಂದಕ್ಕೆ ಹೋಗುವ ಎರಡು ಉದ್ದ ಪೈಪು, ಹಿಂದಿನ ಚಕ್ರಗಳ ಹತ್ತಿರದ ಎರಡು ಗಿಡ್ಡ ಪೈಪು, ಒಟ್ಟು ನಾಲ್ಕನ್ನೂ ಬದಲಿಸಿದೆ. ಕೊಳೆತ ತುಂಡು ಮಾತ್ರ ಕತ್ತರಿಸಿ, ಎರಡು ತುದಿಯನ್ನು ನಟ್ ಬಿಗಿದು ಸೇರಿಸುವ ಕಂಪ್ರೆಶನ್ ಜಾಯಿಂಟ್ ಹಾಕುವ ಉಪಾಯವೂ ಕೇಳಿಬಂತು. ಅದು ನೀರಿನ ನಲ್ಲಿಗೆ ಸರಿ, ಬ್ರೇಕಿಗೆ ಖಂಡಿತ ಬೇಡ.

ಎಂಜಿನ್ ಕೆಳಗಿನ ಮುಂದಿನ ಪೈಪುಗಳನ್ನು ಮಾತ್ರ ಬಿಟ್ಟೆ. ಅವು ಹೊಸದರ ಹಾಗಿದ್ದವು. ಕಾರಣ ಹೇಳಿದರೆ ನಗು ಬರುತ್ತದೆ. ವರ್ಷಗಳಿಂದ ಎಂಜಿನ್ನಿಂದ ಒಸರಿದ ಆಯಿಲ್ ಅವುಗಳ ಮೇಲೆ ಪದರವಾಗಿ ಕೂತು ತುಕ್ಕು ಹತ್ತಿರ ಬರದಂತೆ ಕಾವಲು ಕಾದಿತ್ತು.

ಪೈಪಿಗೆ ಕ್ಯುಪ್ರೊನಿಕಲ್ ತಂದೆ. 90 ಭಾಗ ತಾಮ್ರ, 10 ಭಾಗ ನಿಕಲ್. ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಗ್ಗುತ್ತದೆ. ವೋಲ್ವೊದವರು 1970ರ ದಶಕದಿಂದಲೇ ಇದನ್ನು ಹಾಕುತ್ತಿದ್ದರು. ಬರೀ ತಾಮ್ರದ ಪೈಪು ಇನ್ನೂ ಸುಲಭ, ಆದರೆ ನಡುಗಿ ನಡುಗಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಅದು ನನಗೆ ಬೇಡ ಅನ್ನಿಸಿತು.

ಹಳೇದನ್ನು ಬಿಚ್ಚುವುದಕ್ಕೇ ಒಂದು ದಿನ ಹೋಯಿತು. ಹಿಂದಿನ ರಾತ್ರಿಯೇ ಎಲ್ಲ ನಟ್‌ಗಳಿಗೂ ತುಕ್ಕು ಬಿಡಿಸುವ ಆಯಿಲ್ ಸಿಂಪಡಿಸಿ ಬಿಟ್ಟಿದ್ದೆ. ಆದರೂ ಮಾಮೂಲಿ ಸ್ಪ್ಯಾನರ್ ಹಾಕಿದ ಮೊದಲ ನಟ್ಟಿನ ಮೂಲೆಗಳು ಬೆಣ್ಣೆಯ ಹಾಗೆ ಸವೆದುಹೋದವು. ಇದಕ್ಕೆ ಫ್ಲೇರ್ ನಟ್ ಸ್ಪ್ಯಾನರ್ ಅಂತಲೇ ಬರುತ್ತದೆ. ರಿಂಗ್ ಸ್ಪ್ಯಾನರ್ ತರಹವೇ, ಪೈಪು ತೂರಲು ಒಂದು ಕಡೆ ಸಂದು ಇರುತ್ತದೆ. ಮೊದಲೇ ಅದನ್ನು ಹಿಡಿಯಬೇಕಿತ್ತು. ಪೈಪು ಹೇಗಿದ್ದರೂ ಎಸೆಯುವುದೇ ಆದರೆ ಇನ್ನೂ ಒಳ್ಳೆಯ ದಾರಿ ಇದೆ. ನಟ್ಟಿನ ಬುಡಕ್ಕೇ ಪೈಪು ಕತ್ತರಿಸಿ, ಆರು ಮೂಲೆಯ ಸಾಕೆಟ್ ಪೂರ್ತಿ ಕೂರಿಸಿ ಬಿಚ್ಚಿ. ರಬ್ಬರ್ ಹೋಸ್ ಸೇರುವ ಕಡೆ ಎರಡು ಸ್ಪ್ಯಾನರ್ ಬೇಕು, ಒಂದರಿಂದ ಹೋಸಿನ ತುದಿ ಹಿಡಿಯದಿದ್ದರೆ ಹೋಸೇ ತಿರುಚಿಕೊಳ್ಳುತ್ತದೆ. ಹಿಂದಿನ ಎಡ ಚಕ್ರದ ಬ್ಲೀಡರ್ ನಿಪ್ಪಲ್, ಅಂದರೆ ಒಳಗಿನ ಗಾಳಿ ಹೊರಬಿಡುವ ಸಣ್ಣ ತಿರುಪು, ಮುರಿದು ಕೈಗೆ ಬಂತು. ಅದು ಕೂರುವ, ಆ ಚಕ್ರದ ಬ್ರೇಕ್ ಒತ್ತುವ ವೀಲ್ ಸಿಲಿಂಡರನ್ನೇ ಬದಲಿಸಿದೆ.

ಅಳತೆಗೆ ಒಂದು ದಪ್ಪ ತಂತಿಯನ್ನು ಹಳೇ ಪೈಪಿನ ದಾರಿಯಲ್ಲೇ ಬಗ್ಗಿಸಿ ನೋಡಿದೆ. ಹೊಸ ಪೈಪೂ ಅದೇ ದಾರಿಯಲ್ಲಿ ಹೋಗಬೇಕು. ಸೈಲೆನ್ಸರ್ ಪೈಪಿಗೆ ಹತ್ತಿರ ಬರಬಾರದು, ಆಕ್ಸಲ್ ಮೇಲೆ ಕೆಳಗೆ ಆಡುವಾಗ ತಾಗಬಾರದು. ತುದಿಯಲ್ಲಿ ಎರಡು ಇಂಚು ಜಾಸ್ತಿ ಇಟ್ಟುಕೊಂಡೆ. ಅದು ನನ್ನ ಮರ್ಯಾದೆ ಉಳಿಸಿತು, ಮುಂದೆ ಹೇಳುತ್ತೇನೆ.

ನಿಜವಾದ ಕಷ್ಟ ಫ್ಲೇರ್ ಮಾಡುವುದರಲ್ಲಿ. ಫ್ಲೇರ್ ಅಂದರೆ ಪೈಪಿನ ತುದಿಯನ್ನು ಅರಳಿಸುವುದು, ಆ ಅರಳಿದ ತುದಿಯನ್ನೇ ನಟ್ಟು ಅದರ ಜಾಗಕ್ಕೆ ಒತ್ತಿ ಹಿಡಿಯುತ್ತದೆ. ಇದರಲ್ಲಿ ಎರಡು ಜಾತಿ ಜಾಸ್ತಿ ಸಿಗುತ್ತವೆ. ಒಂದು ಡಬಲ್ ಫ್ಲೇರ್, ಕೊಳವೆಯ ತುದಿ ಒಳಕ್ಕೆ ಮಡಚಿದ ಹೂವಿನ ಹಾಗಿರುತ್ತದೆ. ಇನ್ನೊಂದು ಬಬಲ್ ಫ್ಲೇರ್, ತುದಿ ಉಬ್ಬಿದ ಗುಂಡಿಯ ಹಾಗೆ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಹಳೇ ಪೈಪಿನ ತುದಿಯನ್ನು ಎಸೆಯದೆ ಎದುರಿಗಿಟ್ಟುಕೊಂಡೇ ಕೆಲಸ ಮಾಡಿ. ನಟ್ಟಿನ ಥ್ರೆಡ್ಡಿನಲ್ಲೂ ಇದೇ ಕಥೆ. 10 ಎಂಎಂ ನಟ್ಟೂ 3/8 ಇಂಚಿನ ನಟ್ಟೂ ಕಣ್ಣಿಗೆ ಅಣ್ಣ ತಮ್ಮಂದಿರು. ಬೆರಳಲ್ಲೇ ಸಲೀಸಾಗಿ ನಾಲ್ಕೈದು ಸುತ್ತು ಹೋಗದಿದ್ದರೆ ಸ್ಪ್ಯಾನರ್ ಮುಟ್ಟಬೇಡಿ.

ನಾನು ಚೂರು ಪೈಪಿನ ಮೇಲೆ ಎಂಟು ಹತ್ತು ಫ್ಲೇರ್ ಅಭ್ಯಾಸ ಮಾಡಿದೆ. ಕತ್ತರಿಸಿದ ತುದಿಯನ್ನು ನೇರವಾಗಿ ಅರ ಹಾಕಿ, ಒಳಗಿನ ಮುಳ್ಳು ಕೆರೆದು, ಒಂದು ತೊಟ್ಟು ಬ್ರೇಕ್ ಆಯಿಲ್ ಸವರಿದರೆ ಚೆನ್ನಾಗಿ ಬರುತ್ತದೆ. ಕೊನೆಗೂ ಗಾಡಿಯ ಪೈಪಿಗೆ ಸುಂದರವಾದ ಫ್ಲೇರ್ ಮಾಡಿದೆ. ತಮ್ಮನನ್ನು ಕರೆದು ತೋರಿಸಿದೆ. ಅವನು ತಿರುಗಿಸಿ ನೋಡಿ "ನಟ್ ಎಲ್ಲಣ್ಣ?" ಅಂದ. ನಟ್ ಮೇಜಿನ ಮೇಲಿತ್ತು. ಫ್ಲೇರ್ ಆದಮೇಲೆ ಅದು ಒಳಗೆ ಹೋಗುವುದಿಲ್ಲ ಅಲ್ವಾ. ಕತ್ತರಿಸಿ ಮತ್ತೆ ಮಾಡಿದೆ. ಎರಡು ಇಂಚು ಜಾಸ್ತಿ ಇಟ್ಟಿದ್ದೆ ಅಂದೆನಲ್ಲ, ಅದರಲ್ಲಿ ಅರ್ಧ ಇಂಚು ಇಲ್ಲೇ ಖರ್ಚು.

ಪೈಪು ಬಿಚ್ಚಿದಾಗ ಒಳಗೆ ಗಾಳಿ ಸೇರಿರುತ್ತದೆ. ಆ ಏರ್ ತೆಗೆಯುವಾಗ ತಮ್ಮ ಪೆಡಲ್ ತುಳಿಯಲು ಕೂತ. ಮೊದಲು ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟೆ. ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಪೈಪಿಗೆ ತಳ್ಳುವುದು ಮಾಸ್ಟರ್ ಸಿಲಿಂಡರ್. ಹಳೇದರಲ್ಲಿ ಪಿಸ್ಟನ್ ದಿನಾ ಓಡಾಡದ ಕೊನೆಯ ಭಾಗದಲ್ಲಿ ಜಿಡ್ಡು, ತುಕ್ಕು ಇರುತ್ತದೆ. ನೆಲ ಮುಟ್ಟುವ ತನಕ ತುಳಿದರೆ ಅದರ ರಬ್ಬರ್ ಸೀಲ್ ಅಲ್ಲಿಗೆ ಹೋಗಿ ಹರಿಯಬಹುದು. ಬ್ರೇಕ್ ಸರಿಮಾಡಲು ಹೋಗಿ ಮಾಸ್ಟರ್ ಸಿಲಿಂಡರ್ ಹಾಳುಮಾಡಿಕೊಂಡವರು ಬೇಕಾದಷ್ಟಿದ್ದಾರೆ. ಯಾವ ಚಕ್ರ ಮೊದಲು ಅನ್ನುವುದನ್ನು ಗಾಡಿಯ ಪುಸ್ತಕ ನೋಡಿಯೇ ಮಾಡಿ. ನನ್ನದರಲ್ಲಿ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ, ಇರಲಿಲ್ಲ. ಇರುವ ಗಾಡಿಯಲ್ಲಿ ಏರ್ ಪೂರ್ತಿ ಹೋಗಲು ಕೆಲವೊಮ್ಮೆ ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕಾಗುತ್ತದೆ.

ಡಾಟ್ 4 ದರ್ಜೆಯ ಬ್ರೇಕ್ ಆಯಿಲಿನ, ಸೀಲ್ ಒಡೆಯದ ಹೊಸ ಡಬ್ಬಿ ತಂದಿದ್ದೆ. ಈ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸದಕ್ಕೆ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ತೇವ ಹೀರಿದ್ದಕ್ಕೆ 155 ಡಿಗ್ರಿ ಇದ್ದರೂ ಸಾಕು ಅನ್ನುತ್ತದೆ ನಿಯಮ. ಅಷ್ಟು ವ್ಯತ್ಯಾಸ. ಕಳೆದ ವರ್ಷ ತೆರೆದಿಟ್ಟಿದ್ದ ಅರ್ಧ ಡಬ್ಬಿ ಬಳಸುವ ಆಸೆ ಬಿಡಿ. ಇನ್ನೊಂದು ವಿಷಯ, ಇದು ಪೇಂಟ್ ತಿನ್ನುತ್ತದೆ. ಗಾಡಿಯ ಡಬ್ಬಿಗೆ ಸುರಿಯುವಾಗ ಮುಂದಿನ ಚಕ್ರದ ಮೇಲಿನ ಫೆಂಡರ್ ಮೇಲೆ ನಾಲ್ಕು ಹನಿ ಬಿದ್ದದ್ದು ನಾನು ನೋಡಲಿಲ್ಲ. ತಕ್ಷಣ ನೀರು ಸುರಿದಿದ್ದರೆ ಉಳಿಯುತ್ತಿತ್ತು. ಸಂಜೆ ನೋಡಿದರೆ ಎರಡು ವಾರದ ಹಿಂದೆ ಪಾಲಿಶ್ ಹೊಡೆದ ಜಾಗದಲ್ಲೇ ಪೇಂಟ್ ಸುಕ್ಕುಗಟ್ಟಿತ್ತು.

ಪೆಡಲ್ ಗಟ್ಟಿಯಾಗಿ ನಿಂತಿತು. ಎಂಜಿನ್ ಸ್ಟಾರ್ಟ್ ಮಾಡಿ ತಮ್ಮ ಒಂದು ನಿಮಿಷ ಬಲವಾಗಿ ತುಳಿದು ಹಿಡಿದ. ಪ್ರತಿ ಜಾಯಿಂಟಿಗೂ ಟಿಶ್ಯೂ ಪೇಪರ್ ಸುತ್ತಿದ್ದೆ. ಏಳು ಒಣಗಿದ್ದವು, ಎಂಟನೆಯದರಲ್ಲಿ ಬೆರಳ ಉಗುರಿನಷ್ಟು ಒದ್ದೆ. ಬಿಚ್ಚಿ, ಬಿಗಿದು, ಮತ್ತೆ ಬಿಚ್ಚಿ ಬಿಗಿದರೆ ಕೆಲವೊಮ್ಮೆ ಫ್ಲೇರ್ ತನ್ನ ಜಾಗ ಹಿಡಿದು ಕೂರುತ್ತದೆ. ಇದು ಕೂರಲಿಲ್ಲ. ತೆಗೆದು ನೋಡಿದರೆ ಫ್ಲೇರ್ ಒಂದು ಬದಿಗೆ ವಾಲಿತ್ತು. ಉಳಿದಿದ್ದ ಉದ್ದ ಇಲ್ಲಿ ಕೆಲಸಕ್ಕೆ ಬಂತು. ಹೊಸ ಫ್ಲೇರ್, ಮತ್ತೆ ಏರ್ ತೆಗೆಯುವುದು, ಮತ್ತೆ ಟಿಶ್ಯೂ. ಮೊದಲು ಖಾಲಿ ಜಾಗದಲ್ಲಿ ನಿಧಾನಕ್ಕೆ ಓಡಿಸಿ ನೋಡಿದೆ. ಆಮೇಲೆ ಕಸುಬಿನ ಮೆಕ್ಯಾನಿಕ್ ಒಬ್ಬರ ಹತ್ತಿರ ಎಲ್ಲ ಜಾಯಿಂಟೂ ತೋರಿಸಿದೆ. ಬೇರೆಯವರು ಓಡಿಸುವ ಗಾಡಿ, ನನ್ನ ಕಣ್ಣೊಂದನ್ನೇ ನಂಬುವ ಧೈರ್ಯ ಬರಲಿಲ್ಲ.

ಜಾಹೀರಾತಿನಲ್ಲಿ ಯಾವ ಪೈಪು ಹೊಸದು, ಯಾವುದು ಹಳೇದು ಅಂತ ಬಿಡಿಸಿ ಬರೆದೆ. ತೂತು ಬಿದ್ದ ತುಂಡನ್ನು ಕವರಿನಲ್ಲಿ ಹಾಕಿ ಡ್ಯಾಶ್‌ಬೋರ್ಡಿನಲ್ಲಿಟ್ಟೆ. ನೋಡಲು ಬಂದ ಮೂರನೆಯವರು ಟಾರ್ಚ್ ತಂದಿದ್ದರು. ಹಳೇ ಚಾಪೆ ಕೇಳಿ ತೆಗೆದುಕೊಂಡು ನೇರ ಕಾರಿನ ಕೆಳಗೆ ಮಲಗಿದರು. ಗೆಳೆಯ ಪಕ್ಕದಲ್ಲೇ ನಿಂತಿದ್ದ, ನಾನು ಅವನ ಮುಖ ನೋಡಿದೆ.

"ಹಿಂದಿನದು ಚೆನ್ನಾಗಿ ಮಾಡಿದ್ದೀರ. ಮುಂದಿನದ್ಯಾಕೆ ಬದಲಿಸಿಲ್ಲ?" ಕೆಳಗಿನಿಂದ ಕೇಳಿದರು.

"ಅದಕ್ಕೆ ತುಕ್ಕೇ ಹಿಡಿದಿಲ್ಲ ಸರ್. ಮೇಲೆ ಆಯಿಲ್ ಪದರ ಇದೆ ನೋಡಿ."

ಟಾರ್ಚಿನ ಬೆಳಕು ಪೈಪಿನಿಂದ ನಿಧಾನವಾಗಿ ಮೇಲೆ ಎಂಜಿನ್ ಕಡೆಗೆ ಹೋಯಿತು.

"ಹಂಗಾದ್ರೆ ಎಂಜಿನ್ ಆಯಿಲ್ ಸೋರುತ್ತೆ ಅನ್ನಿ."

ಜಾಹೀರಾತಿನಲ್ಲಿ ಅದನ್ನು ಬರೆಯಲು ಮರೆತಿದ್ದೆ. ಬೆಲೆ ಇಳಿದದ್ದು ಅಲ್ಲಿ. ಫೆಂಡರ್ ಕಲೆಗೆ ಇನ್ನೂ ಸ್ವಲ್ಪ. ಬ್ರೇಕಿನ ವಿಷಯಕ್ಕೆ ಮಾತ್ರ ಅವರು ಒಂದು ಮಾತೂ ಚೌಕಾಸಿ ಮಾಡಲಿಲ್ಲ. ಆ ತೂತಿನ ಪೈಪು ತುಂಡನ್ನು ಮಗನಿಗೆ ತೋರಿಸುತ್ತೇನೆ ಅಂತ ಕೇಳಿ ಜೇಬಿಗೆ ಹಾಕಿಕೊಂಡರು.