ಗೇಮಿಂಗ್ ಮೌಸ್ ಆರಿಸುವ ಮೊದಲು ನಿಮ್ಮ ಕೈ ಅಳೆದುಕೊಳ್ಳಿ

ಗೇಮಿಂಗ್ ಮೌಸ್ ಹುಡುಕಲು ಕೂತರೆ ಮೊದಲು ಕಣ್ಣಿಗೆ ಬೀಳುವುದು ಡಿಪಿಐ, ಅಂದರೆ ಮೌಸ್ ಒಂದು ಇಂಚು ಸರಿಸಿದರೆ ಪಾಯಿಂಟರ್ ಎಷ್ಟು ಚುಕ್ಕೆ ಸರಿಯುತ್ತದೆ ಅನ್ನುವ ಲೆಕ್ಕ. ಡಬ್ಬಿಯ ಮೇಲೆ 26,000, 30,000 ಅಂತ ದೊಡ್ಡದಾಗಿ ಹಾಕಿರುತ್ತಾರೆ. ಸದ್ಯಕ್ಕೆ ಅದನ್ನು ಬದಿಗಿಡಿ. ಶೂಟರ್ ಗೇಮ್ ಆಡುವ ಹೆಚ್ಚಿನವರು, ವೃತ್ತಿಪರ ಆಟಗಾರರೂ ಸೇರಿ, 400ರಿಂದ 1600ರ ಒಳಗೇ ಇಟ್ಟುಕೊಂಡು ಆಡುತ್ತಾರೆ. ಹೆಸರಿರುವ ಕಂಪನಿಗಳ ಈಗಿನ ಸೆನ್ಸರ್‌ಗಳು ಅಷ್ಟಕ್ಕೆ ಧಾರಾಳ ಸಾಕು. ಡಿಪಿಐ ಇಷ್ಟವಾಗದಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಬದಲಾಯಿಸಬಹುದು, ಆದರೆ ಮೌಸ್‌ನ ಬೆನ್ನು ನಿಮ್ಮ ಅಂಗೈಗೆ ಒತ್ತುತ್ತಿದ್ದರೆ ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಹಾಗಾಗಿ ಆಕಾರ ಮೊದಲು, ಉಳಿದದ್ದೆಲ್ಲ ಆಮೇಲೆ.

ಒಂದು ಸ್ಕೇಲ್ ತಗೊಳ್ಳಿ. ಬೆರಳು ಜೋಡಿಸಿ ಅಂಗೈ ಚಾಚಿ, ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿವರೆಗೆ ಅಳೆಯಿರಿ. ಅದು ಉದ್ದ. ಆಮೇಲೆ ಹೆಬ್ಬೆರಳು ಬಿಟ್ಟು, ಉಳಿದ ನಾಲ್ಕು ಬೆರಳು ಶುರುವಾಗುವ ಕಡೆ ಅಡ್ಡಕ್ಕೆ ಅಳೆಯಿರಿ. ಅದು ಅಗಲ. ಉದ್ದ 17 ಸೆಂ.ಮೀ. ಆಸುಪಾಸು ಇದ್ದರೆ ಚಿಕ್ಕ ಕೈ, 18-19 ಇದ್ದರೆ ಮಧ್ಯಮ, 20 ದಾಟಿದರೆ ದೊಡ್ಡದು ಅಂತ ಇಟ್ಟುಕೊಳ್ಳಿ. ಮೌಸ್‌ನ ಉದ್ದ ಕೈಯ ಉದ್ದದ 60 ಶೇಕಡಾ ಇರಬೇಕು ಅನ್ನುವ ಲೆಕ್ಕ ಒಂದಿದೆ. ಅಂದರೆ 20 ಸೆಂ.ಮೀ. ಕೈಗೆ 12 ಸೆಂ.ಮೀ. ಮೌಸ್. ಹುಡುಕಾಟ ಶುರು ಮಾಡೋಕೆ ಇದು ಪರವಾಗಿಲ್ಲ, ಆದರೆ ಇದೊಂದನ್ನೇ ನಂಬಿ ದುಡ್ಡು ಹಾಕಬೇಡಿ. ಒಂದೇ ಅಳತೆಯ ಕೈ ಇರುವ ಇಬ್ಬರು ಮೌಸ್ ಹಿಡಿಯುವ ರೀತಿ ಪೂರ್ತಿ ಬೇರೆ ಇರಬಹುದು.

ಹಿಡಿತದಲ್ಲಿ ಮುಖ್ಯವಾಗಿ ಮೂರು ಬಗೆ. ಇಡೀ ಅಂಗೈ ಮೌಸ್ ಮೇಲೆ ಒರಗಿ, ಬೆರಳುಗಳು ಬಟನ್ ಮೇಲೆ ಚಪ್ಪಟೆಯಾಗಿ ಮಲಗಿದ್ದರೆ ಅದು ಪಾಮ್ ಗ್ರಿಪ್. ಅಂಗೈಯ ಹಿಂಭಾಗ ಮಾತ್ರ ಮೌಸ್‌ಗೆ ತಾಗಿ, ಬೆರಳುಗಳು ಗೆಣ್ಣಿನ ಹತ್ತಿರ ಮೇಲಕ್ಕೆ ಬಾಗಿದ್ದರೆ ಕ್ಲಾ ಗ್ರಿಪ್. ಅಂಗೈ ತಾಗುವುದೇ ಇಲ್ಲ, ಬೆರಳ ತುದಿಗಳಿಂದಲೇ ಮೌಸ್ ಆಡಿಸುತ್ತೀರಿ ಅಂದರೆ ಫಿಂಗರ್‌ಟಿಪ್. ಬಹಳ ಜನರ ಹಿಡಿತ ಇವುಗಳ ನಡುವೆ ಎಲ್ಲೋ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮದು ಯಾವುದು ಅಂತ ನೋಡೋಕೆ ಸುಮ್ನೆ ಮೌಸ್ ಮೇಲೆ ಕೈಯಿಟ್ಟು ದಿಟ್ಟಿಸಿದರೆ ಗೊತ್ತಾಗುವುದಿಲ್ಲ, ಯಾಕೆಂದರೆ ಗಮನ ಕೊಟ್ಟ ತಕ್ಷಣ ಕೈ ತನ್ನ ಅಭ್ಯಾಸ ಬಿಟ್ಟು ಬೇರೆ ಥರ ಕೂರುತ್ತದೆ. ಫೋನ್ ಅನ್ನು ಪಕ್ಕದಲ್ಲಿ ನಿಲ್ಲಿಸಿ, ಒಂದು ಪೂರ್ತಿ ಮ್ಯಾಚ್ ಆಡುವಾಗ ಕೈಯ ವಿಡಿಯೋ ಮಾಡಿಕೊಳ್ಳಿ. ಬಿರುಸಿನ ಹೊತ್ತಲ್ಲಿ ಕೈ ಹೇಗಿರುತ್ತದೋ ಅದೇ ನಿಮ್ಮ ನಿಜವಾದ ಹಿಡಿತ. ಹಳೆಯ ಮೌಸ್ ಇದ್ದರೆ ಅದನ್ನೂ ಬೆಳಕಿಗೆ ಹಿಡಿದು ನೋಡಿ. ಎಲ್ಲಿ ಸವೆದು ಹೊಳಪು ಬಂದಿದೆಯೋ ಅಲ್ಲಿ ನಿಮ್ಮ ಬೆರಳು, ಅಂಗೈ ಒತ್ತುತ್ತಿವೆ.

ಈಗ ಆಕಾರಕ್ಕೆ ಬರೋಣ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕಳೆಯುವುದು ಒಳ್ಳೆಯದು.

ಮೌಸ್‌ನ ಬೆನ್ನಿನ ಉಬ್ಬು ಎಲ್ಲಿದೆ ಅನ್ನುವುದು ಮೊದಲ ಪ್ರಶ್ನೆ. ಪಾಮ್ ಗ್ರಿಪ್‌ನವರಿಗೆ ಅಂಗೈ ತುಂಬುವ, ಎತ್ತರದ, ಉದ್ದನೆಯ ಮೌಸ್ ಹಿತವಾಗಿರುತ್ತದೆ. ರೇಜರ್ ಡೆತ್‌ಆಡರ್, ಝೋವಿ ಇಸಿ ಸರಣಿ ಈ ಥರದವು. ಬಲಗೈಗೆ ಒಪ್ಪುವಂತೆ ಎಡಕ್ಕೆ ಎತ್ತರ, ಬಲಕ್ಕೆ ಇಳಿಜಾರು ಇರುವುದರಿಂದ ಕೈ ಸಹಜವಾಗಿ ಸ್ವಲ್ಪ ವಾಲಿಕೊಂಡು ಕೂರುತ್ತದೆ. ಝೋವಿಯವರು ಇಸಿ ಆಕಾರವನ್ನು ಇಸಿ1, ಇಸಿ2, ಇಸಿ3 ಅಂತ ದೊಡ್ಡದರಿಂದ ಚಿಕ್ಕದಕ್ಕೆ ಬೇರೆ ಬೇರೆ ಅಳತೆಯಲ್ಲಿ ಕೊಡುತ್ತಾರೆ. ಎಲ್ಲ ಕಂಪನಿಗಳೂ ಹೀಗೇ ಮಾಡಬೇಕು ಅಂತ ನನ್ನ ಆಸೆ. ಚಪ್ಪಲಿಯನ್ನು ಒಂದೇ ಅಳತೆಯಲ್ಲಿ ಮಾಡಿ ಎಲ್ಲರೂ ಹಾಕಿಕೊಳ್ಳಿ ಅಂದರೆ ನಾವು ಒಪ್ಪುತ್ತೇವಾ?

ಕ್ಲಾ ಗ್ರಿಪ್‌ನವರಿಗೆ ಉಬ್ಬು ಹಿಂದಕ್ಕೆ ಸರಿದಿದ್ದರೆ ಚೆನ್ನ. ಅಂಗೈಯ ಬುಡಕ್ಕೆ ಒಂದು ಆಸರೆ ಸಿಗುತ್ತದೆ, ಮುಂದೆ ಬೆರಳು ಬಾಗಲು ಜಾಗ ಉಳಿಯುತ್ತದೆ. ಫಿಂಗರ್‌ಟಿಪ್‌ನವರಿಗೆ ಉಬ್ಬೇ ಅಡ್ಡಿ. ಬೆರಳುಗಳಿಂದ ಮೌಸ್ ಅನ್ನು ತನ್ನತ್ತ ಎಳೆದುಕೊಳ್ಳುವಾಗ ಅದು ಬಂದು ಅಂಗೈಗೆ ತಗುಲಿದರೆ ಗುರಿ ಅಲ್ಲೇ ನಿಂತುಬಿಡುತ್ತದೆ. ಇವರಿಗೆ ಗಿಡ್ಡ, ತಗ್ಗು, ಹಗುರ ಮೌಸ್ ಬೇಕು. 118 ಮಿ.ಮೀ. ಉದ್ದದ ರೇಜರ್ ವೈಪರ್ ಮಿನಿ ಅಂಥದ್ದು.

ಅಗಲದ ವಿಷಯದಲ್ಲಿ ಒಂದು ಎಚ್ಚರ. ಕಂಪನಿ ಕೊಡುವ ಅಗಲ ಸಾಮಾನ್ಯವಾಗಿ ಮೌಸ್ ಅತಿ ಹೆಚ್ಚು ಹರಡಿರುವ ಕಡೆಯದು. ನೀವು ಹಿಡಿಯುವುದು ನಡುವಿನ ಕಿರಿದಾದ ಭಾಗವನ್ನು, ಹೆಬ್ಬೆರಳು ಒಂದು ಕಡೆ, ಉಂಗುರ ಬೆರಳು ಮತ್ತು ಕಿರುಬೆರಳು ಇನ್ನೊಂದು ಕಡೆ. ಎರಡಕ್ಕೂ ಹಲವು ಮಿಲಿಮೀಟರ್ ವ್ಯತ್ಯಾಸ ಇರಬಹುದು, ಕೈಗೆ ಅದು ತುಂಬಾ ದೊಡ್ಡ ವ್ಯತ್ಯಾಸ. ತೀರಾ ಕಿರಿದಾದರೆ ಬೆರಳುಗಳು ಮುದುಡಿ ಕಿರುಬೆರಳು ಪ್ಯಾಡ್ ಮೇಲೆ ಉಜ್ಜುತ್ತದೆ. ತೀರಾ ಅಗಲವಾದರೆ ಮೌಸ್ ಎತ್ತಲು ಹಿಂಡಿ ಹಿಡಿಯಬೇಕು, ಅರ್ಧ ಗಂಟೆಯಲ್ಲಿ ಹೆಬ್ಬೆರಳಿನ ಬುಡ ನೋಯಲು ಶುರು. ಕಡಿಮೆ ಸೆನ್ಸಿಟಿವಿಟಿಯಲ್ಲಿ (ಮೌಸ್ ತುಂಬಾ ಸರಿಸಿದರೂ ಗುರಿ ಸ್ವಲ್ಪವೇ ಸರಿಯುವ ಸೆಟ್ಟಿಂಗ್‌ನಲ್ಲಿ) ಆಡುವವರು ಮೌಸ್ ಎತ್ತಿ ಎತ್ತಿ ಇಡುತ್ತಲೇ ಇರುತ್ತಾರಲ್ಲ, ಅವರಿಗೆ ಪಕ್ಕದ ಗೋಡೆಗಳು ಒಳಕ್ಕೆ ಬಾಗಿದ್ದರೆ ಎತ್ತುವುದು ಸಲೀಸು.

ಎಡಗೈಯವರೇ, ಎರಡೂ ಕಡೆ ಒಂದೇ ಥರ ಕಾಣುವ ಮೌಸ್ ಅಂದ ಮಾತ್ರಕ್ಕೆ ನಿಮಗೂ ಹೊಂದುತ್ತದೆ ಅಂದುಕೊಳ್ಳಬೇಡಿ. ಸೈಡ್ ಬಟನ್‌ಗಳು ಎಡ ಪಕ್ಕದಲ್ಲಿ ಮಾತ್ರ ಇರುವುದೇ ಹೆಚ್ಚು. ಅವು ನಿಮ್ಮ ಹೆಬ್ಬೆರಳಿಗೆ ಸಿಗುವುದಿಲ್ಲ, ಉಂಗುರ ಬೆರಳಿನ ಕೆಳಗೆ ಬರುತ್ತವೆ. ಕೊಳ್ಳುವ ಮುಂಚೆ ಬಲ ಪಕ್ಕದ ಫೋಟೋ ನೋಡಲೇಬೇಕು.

ತೂಕ ಕಡಿಮೆಯಾದಷ್ಟೂ ಒಳ್ಳೆಯದು ಅನ್ನುವ ಮಾತು ಪೂರ್ತಿ ನಿಜವಲ್ಲ. ಫಿಂಗರ್‌ಟಿಪ್‌ನವರಿಗೆ, ವೇಗದ ಶೂಟರ್ ಆಡುವವರಿಗೆ 60 ಗ್ರಾಂ ಆಸುಪಾಸಿನದು ನಿಜಕ್ಕೂ ಹಿತ. ನಿಧಾನದ ಗೇಮ್‌ಗಳಿಗೆ 80-90 ಗ್ರಾಂ ಇದ್ದರೂ ಏನೂ ನಷ್ಟವಿಲ್ಲ. ಇನ್ನು ತೂಕ ಎಲ್ಲಿ ಕೂತಿದೆ ಅನ್ನುವುದನ್ನೂ ನೋಡಿ. ಲಾಜಿಟೆಕ್ ಜಿ305 ಒಂದು ಎಎ ಸೆಲ್‌ನಲ್ಲಿ ನಡೆಯುತ್ತದೆ, ಸೆಲ್ ಸೇರಿ 99 ಗ್ರಾಂ. ಅದಕ್ಕೆ ಮಾಮೂಲಿ ಆಲ್ಕಲೈನ್ ಸೆಲ್ ಬದಲು ಲಿಥಿಯಂ ಎಎ ಹಾಕಿದರೆ ಸುಮಾರು 8 ಗ್ರಾಂ ಇಳಿಯುತ್ತದೆ. ವೈರ್ ಇರುವ ಮೌಸ್ ತಗೊಂಡರೆ ಕೇಬಲ್ ಮೆತ್ತಗಿದೆಯಾ ನೋಡಿಕೊಳ್ಳಿ, ಗಡುಸಾದ ಕೇಬಲ್ ಪ್ರತಿ ಚಲನೆಗೂ ಕೈಯನ್ನು ಹಿಂದಕ್ಕೆ ಎಳೆಯುತ್ತದೆ.

ಕೈ ಬೆವರುವವರು ನುಣುಪಾಗಿ ಹೊಳೆಯುವ ಮೇಲ್ಮೈ ಬಿಟ್ಟು ಮ್ಯಾಟ್ ನೋಡಿ, ಬೇಕಿದ್ದರೆ ಗ್ರಿಪ್ ಟೇಪ್ ಅಂಟಿಸಿ. ಟೇಪ್ ಅಂಟಿಸಿದರೆ ಅಗಲವೂ ಒಂದೆರಡು ಮಿಲಿಮೀಟರ್ ಏರುತ್ತದೆ, ಹಾಗಾಗಿ ಸ್ವಲ್ಪ ಕಿರಿದು ಅನ್ನಿಸುವ ಮೌಸ್‌ಗೂ ಇದೇ ಮದ್ದು.

ಅಂಗಡಿಯಲ್ಲಿ ಹಿಡಿದು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಕಣ್ಣು ಮುಚ್ಚಿ ಕೈಯಿಡಿ, ಬೆರಳು ತಾನಾಗಿ ಬಟನ್ ಮೇಲೆ ಬರಬೇಕು. ಸೈಡ್ ಬಟನ್ ಒತ್ತಲು ಹಿಡಿತ ಬದಲಿಸಬೇಕಾಗಿ ಬಂದರೆ ಅದು ನಿಮಗಲ್ಲ. ಎತ್ತಿ, ಜೋರಾಗಿ ಪಕ್ಕಕ್ಕೆ ಎಳೆದು ನಿಲ್ಲಿಸಿ ನೋಡಿ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಈಗಿರುವ ಮೌಸ್‌ನ ಉದ್ದ, ಎತ್ತರ, ನಡುವಿನ ಅಗಲ ಅಳೆದು ಬರೆದುಕೊಳ್ಳಿ. ಅದರಲ್ಲಿ ಏನು ಸರಿಯಿಲ್ಲ ಅಂತಲೂ ಬರೆಯಿರಿ. "ಹಿಂದೆ 5 ಮಿ.ಮೀ. ಗಿಡ್ಡ ಇದ್ದರೆ ಸಾಕು" ಅನ್ನುವ ಒಂದು ಸಾಲು ಹತ್ತು ರಿವ್ಯೂಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ವಾಪಸ್ ಕೊಡಲು ಎಷ್ಟು ದಿನ ಇದೆ ಅನ್ನುವುದನ್ನೂ ಮೊದಲೇ ಓದಿಕೊಳ್ಳಿ.

ಹೊಸ ಮೌಸ್ ಬಂದ ಮೇಲೆ ಕೆಲವು ದಿನ ಗುರಿ ತಪ್ಪುವುದು ಸಹಜ. ಆ ದಿನಗಳಲ್ಲಿ ಸೆನ್ಸಿಟಿವಿಟಿ ಮುಟ್ಟಬೇಡಿ, ಇಲ್ಲದಿದ್ದರೆ ತೊಂದರೆ ಆಕಾರದ್ದೋ ಸೆಟ್ಟಿಂಗಿನದ್ದೋ ಗೊತ್ತಾಗದೆ ಹೋಗುತ್ತದೆ. ಕುರ್ಚಿಯ ಎತ್ತರ ಸರಿ ಮಾಡಿಕೊಳ್ಳಿ: ಮೊಣಕೈ ಸುಮಾರು ಲಂಬಕೋನದಲ್ಲಿ ಬಾಗಿ, ಮಣಿಕಟ್ಟು ಮೇಲಕ್ಕೂ ಪಕ್ಕಕ್ಕೂ ತಿರುಚದೆ ನೇರವಾಗಿರಲಿ. ಹೊಸ ಆಕಾರಕ್ಕೆ ಬೆರಳು ಸ್ವಲ್ಪ ದಣಿಯಬಹುದು, ಅದು ಒಂದೆರಡು ವಾರದಲ್ಲಿ ಹೋಗುತ್ತದೆ. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿಯುವುದು, ರಾತ್ರಿ ಮಣಿಕಟ್ಟು ನೋಯುವುದು ದಣಿವಲ್ಲ, ಅಲ್ಲಿ ನರ ಒತ್ತುತ್ತಿರಬಹುದು. ಹಾಗಾದರೆ ಆಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ, ಇನ್ನೊಂದು ಮೌಸ್ ಹುಡುಕುತ್ತಾ ಕೂರಬೇಡಿ.