ಬ್ಯಾಟರಿ ಮಿಷನ್ನಿನಲ್ಲಿ ತೋಟದ ಮರ ಕೊಯ್ದ ನನ್ನ ಅನುಭವ

ಹೊಳಲ್ಕೆರೆ ಸೀಮೆಯಲ್ಲಿ ಈಗ ಮರ ಕೊಯ್ಯೋ ಮಿಷನ್ ಇಲ್ಲದ ತೋಟ ಕಮ್ಮಿ. ಹೆಚ್ಚಿನವು ಪೆಟ್ರೋಲಿನವು. ಬೇಕಾದ ಹೊತ್ತಿಗೆ ಸ್ಟಾರ್ಟ್ ಆಗದವೂ ಅವೇ. ನಾನು ಬ್ಯಾಟರಿ ಮಿಷನ್ ತಂದಾಗ ದೊಡ್ಡಪ್ಪನ ಮಗ ಅದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ, “ನುಗ್ಗೆಕಾಯಿ ಕೊಯ್ಯೋಕೆ ಚೆನ್ನಾಗಿದೆ ಕಣೋ” ಅಂದ. ಪಂಪ್‌ಸೆಟ್ ರಿಪೇರಿಯವನು ನಕ್ಕ, ಕೂಲಿಗೆ ಬರೋ ಹುಡುಗರು ನಕ್ಕರು, ನಮ್ಮ ಮಾವನವರು ಮಾತ್ರ ಬಾಯಿಬಿಟ್ಟು ಏನೂ ಅನ್ನಲಿಲ್ಲ, ದುಡ್ಡು ಎಷ್ಟು ಅಂತ ಕೇಳಿ ಸುಮ್ಮನಾದರು. ಆಮೇಲೆ ಎರಡು ಬೇಸಿಗೆ ಕಳೆದಿವೆ. ಒಣಗಿದ ಅಡಿಕೆ, ಬೇಲಿಯ ಬಳ್ಳಾರಿ ಜಾಲಿ, ಗೊಬ್ಬರದ ಗಿಡ, ಕೆಂಪು ಮೂತಿ ಹುಳ ತಿಂದ ತೆಂಗು, ಎಲ್ಲಾ ಇದರಲ್ಲೇ ಮುಗಿದಿದೆ. ಈಗ ಅದೇ ಅಣ್ಣ ಮಿಷನ್ ಕೇಳಿಕೊಂಡು ಬರುತ್ತಾನೆ. ನಾನು ಚಾರ್ಜ್ ಇಲ್ಲ ಅನ್ನುತ್ತೇನೆ.

ಪೆಟ್ರೋಲಿನದು ನನ್ನ ಹತ್ತಿರವೂ ಇತ್ತು. ದಾವಣಗೆರೆಯಿಂದ ತಂದ 58 ಸಿಸಿ ಮಿಷನ್, 22 ಇಂಚಿನ ಬಾರ್ (ಚೈನು ಸುತ್ತೋ ಉದ್ದದ ಪಟ್ಟಿ), 6,500 ರೂಪಾಯಿ ಆಸುಪಾಸು. ಬಲಕ್ಕೆ ಏನೂ ಹೇಳೋ ಹಾಗಿಲ್ಲ. ತೊಂದರೆ ಇದ್ದದ್ದು ನನ್ನ ಕೆಲಸದ ರೀತಿಯಲ್ಲಿ. ತೋಟದಲ್ಲಿ ಒಂದು ಮರ ಬಿದ್ದರೆ ಅರ್ಧ ಗಂಟೆ ಕೆಲಸ. ಆಮೇಲೆ ಮಿಷನ್ ಎರಡು ತಿಂಗಳು ಮೂಲೆಯಲ್ಲಿ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲ್. ಅದು ಗಾಳಿಯ ತೇವ ಹೀರುತ್ತದೆ. ನಿಂತಲ್ಲೇ ನಿಂತರೆ ಕಾರ್ಬೊರೇಟರ್ ಒಳಗೆ ಅಂಟು ಕಟ್ಟುತ್ತದೆ, ಅದರೊಳಗಿನ ತೆಳು ಪೊರೆ, ಡಯಾಫ್ರಮ್, ಗಟ್ಟಿಯಾಗುತ್ತದೆ. ಮುಂದಿನ ಸಲ ಹಗ್ಗ ಎಳೆದೂ ಎಳೆದೂ ಭುಜ ಬಿದ್ದುಹೋಗುತ್ತದೆ. ಪ್ಲಗ್ ಬಿಚ್ಚಿದರೆ ಒದ್ದೆ. ಒಣಗಿಸಿ ಹಾಕಿದರೆ ಎರಡು ಸಲ ಕೆಮ್ಮಿ ಮತ್ತೆ ಮೌನ. ಇಷ್ಟರಲ್ಲಿ ಕೂಲಿಯವರು ಬದುವಿನ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿರುತ್ತಾರೆ. ಅವರ ಕೂಲಿ ಓಡುತ್ತಲೇ ಇರುತ್ತದೆ, ಅಲ್ವಾ?

ಕಾರ್ಬೊರೇಟರ್ ಬದಲಾಯಿಸಿದ್ದು 900. ಮತ್ತೆ ಕ್ಲಚ್, ಸ್ಟಾರ್ಟರ್ ಹಗ್ಗ, ಆಮೇಲೆ ಪಿಸ್ಟನ್ ಕಿಟ್. ಪಿಸ್ಟನ್ ಹೋಗಿದ್ದಕ್ಕೆ ಕಾರಣ ಪೆಟ್ರೋಲಿಗೆ ಬೆರೆಸೋ ಟೂಟಿ ಆಯಿಲ್ ಲೆಕ್ಕ. ಕೂಲಿ ಹುಡುಗ ಲೀಟರಿಗೆ 20 ಮಿಲಿ ಹಾಕಿದ್ದ. ಒಳ್ಳೆ ಕಂಪನಿ ಮಿಷನ್ನಿಗೆ ಒಳ್ಳೆ ಆಯಿಲ್ ಇದ್ದರೆ ಅದು ಸಾಕು. ಇಂಥ ಅಗ್ಗದ ಮಿಷನ್ನಿಗೆ 40 ಮಿಲಿ ಬೇಕು. ಒಟ್ಟು ರಿಪೇರಿ ಕೂಡಿಸಿದರೆ ಮಿಷನ್ ಬೆಲೆಗೆ ಹತ್ತಿರ ಬಂತು. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನೇ ಆರುವ ತನಕ ಓಡಿಸಿ ಇಟ್ಟರೆ ಅರ್ಧ ತೊಂದರೆ ಕಮ್ಮಿಯಾಗುತ್ತದೆ. ಆದರೆ ಸಂಜೆ ಸುಸ್ತಾಗಿ ಬಂದವನು ಅಷ್ಟು ಮಾಡುತ್ತಾನಾ?

ಬ್ಯಾಟರಿ ಕಡೆ ನಾನು ಒಂದೇ ಸಲಕ್ಕೆ ದೊಡ್ಡದಕ್ಕೆ ಹೋಗಲಿಲ್ಲ. ಮೊದಲು 6 ಇಂಚಿನ ಪುಟ್ಟದು, 2,800 ರೂಪಾಯಿ. ಮೇಲೆ 88 ವೋಲ್ಟ್ ಅಂತ ದೊಡ್ಡದಾಗಿ ಬರೆದಿತ್ತು. ಬಿಚ್ಚಿ ನೋಡಿದರೆ ಸಾಲಾಗಿ ಐದು ಸೆಲ್. ಒಂದು ಸೆಲ್ಲಿಗೆ 3.7, ಐದಕ್ಕೆ 18.5. ಪೂರ್ತಿ ಚಾರ್ಜ್ ಆದಾಗ 21. ಉಳಿದದ್ದೆಲ್ಲ ಸ್ಟಿಕರ್ ವೋಲ್ಟು. ಆದರೂ ಗೊಬ್ಬರದ ಗಿಡ ಸವರೋಕೆ ಅದು ಚಿನ್ನ. ಮಣಿಕಟ್ಟಿನ ದಪ್ಪದ ಕೊಂಬೆ ಒಂದು ಕ್ಷಣ. ಒಂದೇ ಬೇಸಿಗೆ ಬಾಳಿತು. ಆಮೇಲೆ ಬ್ಯಾಟರಿ ಭಾರಕ್ಕೆ ಕುಸಿಯತೊಡಗಿತು. ಖಾಲಿ ಓಡುವಾಗ ಝಂ ಅನ್ನುತ್ತದೆ, ಮರ ಮುಟ್ಟಿದ ಕೂಡಲೇ ಆಫ್.

ಇಲ್ಲಿ ಸ್ವಲ್ಪ ಪಕ್ಕದ ದಾರಿಗೆ ಹೋದೆ. ಔಷಧಿ ಹೊಡೆಯೋ ಪಂಪಿನ 12 ವೋಲ್ಟ್ ಬ್ಯಾಟರಿಯಿಂದ ಓಡಿಸೋಣ ಅಂತ ವೋಲ್ಟ್ ಏರಿಸೋ ಸಣ್ಣ ಬೋರ್ಡ್ ತಂದು ಕೂಡಿಸಿದೆ. ಖಾಲಿ ಓಡಿತು. ಕೊಂಬೆಗೆ ಇಟ್ಟ ಕೂಡಲೇ ಬೋರ್ಡ್ ಸುಟ್ಟ ವಾಸನೆ. ವೋಲ್ಟ್ ಸಾಕಾದರೂ ಆಂಪಿಯರ್ ಎಲ್ಲಿಂದ ಬರಬೇಕು? ಕೊನೆಗೆ ಚಿತ್ರದುರ್ಗದಲ್ಲಿ ಬ್ಯಾಟರಿ ಕಟ್ಟಿಕೊಡೋ ಹುಡುಗ ಸಿಕ್ಕಿದ. ಹಳೇ ಐದು ಸೆಲ್ ತೆಗೆದು, ಜಾಸ್ತಿ ಆಂಪಿಯರ್ ಕೊಡೋ ಸೆಲ್ ಹಾಕಿಸಿದೆ. 1,200 ತೆಗೆದುಕೊಂಡ. ಈಗ ಅದು ಹೊಸದಾಗಿದ್ದಾಗಿನದಕ್ಕಿಂತ ಚೆನ್ನಾಗಿ ಕೊಯ್ಯುತ್ತದೆ. ಮಾಡಿಸುವವರು ಒಂದು ನೋಡಿಕೊಳ್ಳಿ: ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಬೇಕು. ಬೆಸುಗೆ ಕಡ್ಡಿ ಇಟ್ಟು ಸೆಲ್ ಕಾಯಿಸುವವನ ಹತ್ತಿರ ಕೊಡಬೇಡಿ.

ಆ ಪುಟ್ಟದು ಕೊಟ್ಟ ಧೈರ್ಯದ ಮೇಲೆ ದೊಡ್ಡದು ತಂದೆ. 14 ಇಂಚಿನ ಬಾರ್, 18 ವೋಲ್ಟಿನ 5 ಆಂಪಿಯರ್ ಅವರ್ ಬ್ಯಾಟರಿ ಎರಡು ಒಟ್ಟಿಗೆ ಕೂರುತ್ತವೆ. ಬ್ಯಾಟರಿ, ಚಾರ್ಜರ್ ಸೇರಿ 38,000ದಿಂದ 40,000ದ ನಡುವೆ. ಭೀಮಸಮುದ್ರದ ಅಡಿಕೆ ಮಾರುಕಟ್ಟೆಯಲ್ಲಿ ಆಗ ರಾಶಿ ಅಡಿಕೆ ಕ್ವಿಂಟಾಲಿಗೆ 50 ಸಾವಿರದ ಹತ್ತಿರ ಇತ್ತು. ಮುಕ್ಕಾಲು ಕ್ವಿಂಟಾಲ್ ಅಡಿಕೆಯನ್ನೇ ಹೆಗಲ ಮೇಲೆ ಹಾಕಿಕೊಂಡು ಬಂದೆ ಅನ್ನಿ. ಮಾವನವರು ಸುಮ್ಮನಾಗಿದ್ದು ಇದನ್ನು ಕೇಳಿಯೇ.

ಕೆಲಸ ಎಷ್ಟಾಗುತ್ತದೆ? ಒಂದು ಜೋಡಿ ಚಾರ್ಜಿಗೆ ಅಡಿಕೆ ಮರದಲ್ಲಿ 60–70 ಕೊಯ್ತ. ಅಂದರೆ ಹತ್ತು ಹನ್ನೆರಡು ಮರ ಬೀಳಿಸಿ, ದಬ್ಬೆಗೆ ಬೇಕಾದ ಉದ್ದಕ್ಕೆ ತುಂಡು ಮಾಡಬಹುದು. ತೆಂಗಾದರೆ ಎರಡು ಮೂರು ಮರಕ್ಕೆ ಮುಗಿಯಿತು. ತೆಂಗಿನ ಹೊರಗಿನ ಭಾಗ ಕಲ್ಲು, ಒಳಗೆ ಮೆತ್ತಗೆ ನಾರು. ಆ ನಾರು ಚೈನು ತಿರುಗಿಸೋ ಹಲ್ಲುಚಕ್ರದ (ಸ್ಪ್ರಾಕೆಟ್) ಮುಚ್ಚಳದ ಒಳಗೆ ಸಿಕ್ಕಿಕೊಂಡು ಚೈನು ಬಿಗಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಪ್ರತಿ ಮರಕ್ಕೂ ಮುಚ್ಚಳ ತೆಗೆದು ಹಳೇ ಬ್ರಷ್ಷಿನಲ್ಲಿ ಉಜ್ಜಿದರೆ ಒಂದು ಮರ ಜಾಸ್ತಿ ಸಿಗುತ್ತದೆ. ಒಣಗಿದ ಜಾಲಿ ತೆಂಗಿಗಿಂತ ಕಷ್ಟ. ಹಸಿ ಇದ್ದಾಗಲೇ ಕೊಯ್ದುಬಿಡಿ. ಬೇಲಿ ಜಾಲಿಯಲ್ಲಿ ಇನ್ನೊಂದು ಅಪಾಯ, ಹಳೇ ಮುಳ್ಳುತಂತಿ ಕಾಂಡದೊಳಗೆ ಸೇರಿಕೊಂಡಿರುತ್ತದೆ. ಕೊಯ್ಯೋ ಮೊದಲು ಕತ್ತಿ ಬೆನ್ನಲ್ಲಿ ಬಡಿದು ನೋಡುತ್ತೇನೆ.

ನಿಜ ಹೇಳಬೇಕಂದ್ರೆ ಬ್ಯಾಟರಿ ಮಿಷನ್ ಗೆದ್ದದ್ದು ಚೈನು ಹರಿತ ಮಾಡೋ ಅರದಿಂದ. ಪೆಟ್ರೋಲಿನ 58 ಸಿಸಿ ಚೈನು ಮೊಂಡಾದರೂ ಎಳೆದುಕೊಂಡು ಹೋಗುತ್ತದೆ, ಪುಡಿ ಉದುರಿಸಿಕೊಂಡು. ಬ್ಯಾಟರಿಯದ್ದು ಕ್ಷಮಿಸೋದಿಲ್ಲ. ಚೈನು ಮೊಂಡಾದರೆ 70 ಕೊಯ್ತ ಹೋಗಿ 30ಕ್ಕೆ ಬರುತ್ತದೆ. ಜನ ಬ್ಯಾಟರಿಗೆ ಬೈಯುತ್ತಾರೆ. ನನ್ನದು ಸಣ್ಣ ಚೈನು, 4 ಮಿಲಿ ಉರುಟು ಅರ, 30 ಡಿಗ್ರಿ. ಬ್ಯಾಟರಿ ಬದಲಿಸುವಾಗಲೆಲ್ಲ ಹಲ್ಲಿಗೆ ಎರಡೆರಡು ಎಳೆತ. ಹಿಂದೆ ಮುಂದೆ ಉಜ್ಜಬೇಡಿ, ಒಂದೇ ಕಡೆಗೆ. ಹಲ್ಲಿನ ಮುಂದಿನ ಗುಬ್ಬನ್ನೂ ಆಗಾಗ ಚಪ್ಪಟೆ ಅರದಲ್ಲಿ ಇಳಿಸಬೇಕು. ಹಲ್ಲಿಗಿಂತ 0.65 ಮಿಲಿ ತಗ್ಗಿದ್ದರೆ ಸಾಕು. ಜಾಸ್ತಿ ಇಳಿಸಿದರೆ ಮಿಷನ್ ಕೈಯಿಂದ ಕಿತ್ತುಕೊಳ್ಳುತ್ತದೆ. ಅಂಗಡಿಯಲ್ಲಿ ಕೊಟ್ಟ ಬಾರ್ ಮತ್ತು ಚೈನು ತೆಗೆದು ನಾನು ಬೇರೆ ತೆಳು ಜೋಡಿ ಹಾಕಿದ್ದೇನೆ. ಒಂದೇ ಚಾರ್ಜಿಗೆ ಐದರಲ್ಲಿ ಒಂದು ಪಾಲು ಕೆಲಸ ಹೆಚ್ಚಾಯಿತು. ಯಾವ ಸೈಜ್ ಅಂತ ಇಲ್ಲಿ ಬರೆಯೋದಿಲ್ಲ. ತೋಟಕ್ಕೆ ಬಂದವರು ನೋಡಲಿ.

ಅಡಿಕೆ ಬುಡದಲ್ಲಿ ಮಳೆಗೆ ಚಿಮ್ಮಿದ ಮಣ್ಣು ಅಂಟಿರುತ್ತದೆ. ಚೈನು ಮೊಂಡಾಗದ ಹಾಗೆ ಗೇಣು ಮೇಲೆ ಕೊಯ್ಯಿರಿ. ಅದಕ್ಕೂ ಮೊದಲು ಡ್ರಿಪ್ ಪೈಪು ಎಲ್ಲಿದೆ ನೋಡಿ. ಮುಚ್ಚಿದ ಸೋಗೆ, ಹಾಳೆ ಅಡಿಯಲ್ಲಿ ಅದು ಕಾಣೋದಿಲ್ಲ. ನಾಲ್ಕು ಪೈಪು ತುಂಡಾದರೆ ಉಳಿಸಿದ ಕೂಲಿಯೆಲ್ಲ ಜಾಯಿಂಟಿಗೆ ಹೋಗುತ್ತದೆ.

ಬಾರಿಗೆ ಎಣ್ಣೆ ಬ್ಯಾಟರಿ ಮಿಷನ್ನಿಗೂ ಬೇಕು. ಇದು ಬಹಳ ಜನಕ್ಕೆ ತಿಳಿದಿಲ್ಲ, ಒಣ ಓಡಿಸಿ ಬಾರ್ ನೀಲಿ ಮಾಡಿಕೊಂಡಿದ್ದಾರೆ. ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಪುಕ್ಕಟೆ ಸಿಗುತ್ತದೆ, ನಿಜ. ಅದರಲ್ಲಿನ ಕಸ ಆ ಪುಟ್ಟ ಎಣ್ಣೆ ಪಂಪನ್ನು ಕಟ್ಟಿಸುತ್ತದೆ. ನಮ್ಮಲ್ಲಿ ಹೊಂಗೆ ಎಣ್ಣೆಗೆ ಬರ ಇಲ್ಲ, ಅದನ್ನೇ ಹಾಕಿ ನೋಡಿದೆ. ಕೊಯ್ಯುವಾಗ ಬಹಳ ಚೆನ್ನಾಗಿತ್ತು, ಜಾರುವ ಗುಣ ಬೇಕಾದಷ್ಟು. ಮೂರು ವಾರ ಬಿಟ್ಟು ತೆಗೆದರೆ ಚೈನಿನ ಕೊಂಡಿಗಳೆಲ್ಲ ಅಂಟಿ ಕೋಲಿನಂತೆ ನಿಂತಿದ್ದವು. ಈಗ ಹೊಂಗೆ ಎಣ್ಣೆಗೆ ಇನ್ನೊಂದು ಸೇರಿಸುತ್ತೇನೆ, ಅಂಟೋದಿಲ್ಲ. ಅದೇನು ಅನ್ನೋದು ನನ್ನ ಹತ್ತಿರಾನೇ ಇರಲಿ.

ನಮ್ಮ ಏಪ್ರಿಲ್ ಬಿಸಿಲು ಬ್ಯಾಟರಿಗೆ ದೊಡ್ಡ ಶತ್ರು. ಮಧ್ಯಾಹ್ನ ಬಿಡದೆ ಕೊಯ್ದರೆ ಬಿಸಿಯಾಗಿ ತಾನೇ ನಿಲ್ಲುತ್ತದೆ. ಚಾರ್ಜರಿಗೆ ಹಾಕಿದರೆ ತಣ್ಣಗಾಗುವ ತನಕ ಚಾರ್ಜರ್ ಒಪ್ಪೋದಿಲ್ಲ. ನಾನು ಬ್ಯಾಟರಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ನೆರಳಲ್ಲಿ ಒದ್ದೆ ಗೋಣಿಚೀಲದ ಮೇಲೆ ಇಡುತ್ತೇನೆ. ಫ್ರಿಜ್ ಬೇಡ, ಹೊರಗೆ ತೆಗೆದ ಕೂಡಲೇ ನೀರು ಬೆವರುತ್ತದೆ. ತಿಂಗಳುಗಟ್ಟಲೆ ಇಡೋದಾದರೆ ಅರ್ಧ ಚಾರ್ಜಿನಲ್ಲಿ, ಮನೆಯೊಳಗೆ. ತಗಡಿನ ಶೆಡ್ಡಿನಲ್ಲಿ ಪೂರ್ತಿ ತುಂಬಿಸಿಟ್ಟರೆ ಅದರ ಆಯಸ್ಸನ್ನು ನೀವೇ ಕಮ್ಮಿ ಮಾಡಿದ ಹಾಗೆ.

ತೋಟದ ಲೈನಿನಲ್ಲಿ ಕರೆಂಟ್ ಗಂಟೆ ಲೆಕ್ಕ. ಅದನ್ನು ನಂಬಲಿಲ್ಲ. ಮನೆಯ 12 ವೋಲ್ಟಿನ 150 ಆಂಪಿಯರ್ ಅವರ್ ಇನ್ವರ್ಟರ್ ಬ್ಯಾಟರಿ ಲೆಕ್ಕದಲ್ಲಿ 1,800 ವ್ಯಾಟ್ ಅವರ್. ನನ್ನ ಜೋಡಿ ಬರೀ 180. ಕರೆಂಟ್ ಇಲ್ಲದ ದಿನವೂ ಎರಡು ಮೂರು ಸಲ ತುಂಬಬಹುದು, ಫ್ಯಾನಿಗೂ ಉಳಿಯುತ್ತದೆ.

ಈಗ ದುಡ್ಡಿನ ಮಾತು. ಬ್ಯಾಟರಿಯವರು ಖರ್ಚೇ ಇಲ್ಲ ಅಂತಾರೆ, ಅದು ಸುಳ್ಳು. ಜೋಡಿ ತುಂಬಲು ಕಾಲು ಯೂನಿಟ್ ಕರೆಂಟೂ ಬೇಡ, ಸರಿ. ಆದರೆ ಜೋಡಿ ಬ್ಯಾಟರಿಗೆ 15,000. ಸುಮಾರು 400 ಸಲ ಚಾರ್ಜ್ ಅಂತ ಹಿಡಿದರೆ ಸಲಕ್ಕೆ 37–38 ರೂಪಾಯಿ ಸವೆತ. ಅಷ್ಟೇ ಕೆಲಸಕ್ಕೆ ಪೆಟ್ರೋಲ್ ಮಿಷನ್ ಮೂರನೇ ಒಂದು ಲೀಟರ್ ಕುಡಿಯುತ್ತದೆ, ಆಯಿಲ್ ಸೇರಿ 40–45. ಓಡಿಸೋ ಖರ್ಚು ಹೆಚ್ಚುಕಮ್ಮಿ ಸಮ. ವ್ಯತ್ಯಾಸ ಇರೋದು ರಿಪೇರಿಯಲ್ಲಿ ಮತ್ತು ಒಂದು ಮರಕ್ಕೋಸ್ಕರ ಆಳು ಹುಡುಕೋದರಲ್ಲಿ. ಮಿಷನ್ ಸಮೇತ ಬರೋನು ದಿನಕ್ಕೆ 2,000 ಹತ್ತಿರ ಕೇಳುತ್ತಾನೆ, ಅರ್ಧ ಗಂಟೆ ಕೆಲಸಕ್ಕೂ ಅಷ್ಟೇ. ನನ್ನ ಅಂದಾಜಿನಲ್ಲಿ ಮೂರನೇ ವರ್ಷಕ್ಕೆ ಹಾಕಿದ ದುಡ್ಡು ವಾಪಸ್.

ಲೆಕ್ಕಕ್ಕೆ ಬಾರದ ಲಾಭ ಸದ್ದಿಲ್ಲದಿರೋದು. ಗುಂಡಿಯಿಂದ ಬೆರಳು ತೆಗೆದರೆ ಪೂರ್ತಿ ನಿಶ್ಶಬ್ದ. ಮರ ಒಳಗೆ ಲಟಕ್ ಅನ್ನೋದು ಕೇಳುತ್ತದೆ, ಹಗ್ಗ ಹಿಡಿದವನು ಕೂಗಿದ್ದು ಕೇಳುತ್ತದೆ. ಪೆಟ್ರೋಲ್ ಮಿಷನ್ ಗಲಾಟೆಯಲ್ಲಿ ಮರ ಬಾಗಿದ ಮೇಲೇ ಗೊತ್ತಾಗೋದು. ಸದ್ದಿಲ್ಲ ಅಂತ ಸದರ ಬೇಡ. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಇದೂ ಮುಖಕ್ಕೇ ಹಾರುತ್ತದೆ. ಪುಟ್ಟ ಮಿಷನ್ನನ್ನು ದೋಟಿ ತುದಿಗೆ ಕಟ್ಟಿ ತೆಂಗಿನ ಗರಿ ಇಳಿಸೋ ಪ್ರಯೋಗವನ್ನೂ ಮಾಡಿದೆ. ದೋಟಿ ಬಾಗಿ ಚೈನು ಕಳಚಿಕೊಂಡಿತು. ಅದನ್ನು ಅಲ್ಲಿಗೇ ನಿಲ್ಲಿಸಿದೆ.

ಅಂದಹಾಗೆ, ಬ್ಯಾಟರಿ ಮಿಷನ್ ಇತ್ತೀಚಿನ ಆಟಿಕೆ ಅನ್ನುವವರಿಗೆ ಒಂದು ಮಾತು. ಮರ ಕೊಯ್ಯೋ ಮಿಷನ್ ಮಾಡೋ ಜರ್ಮನಿಯ ಸ್ಟಿಲ್ ಕಂಪನಿಯ ಮೊದಲ ಚೈನ್ ಗರಗಸ 1926ರಲ್ಲಿ ಬಂದಾಗ ಅದು ಕರೆಂಟಿನದೇ ಆಗಿತ್ತು. 64 ಕೆಜಿ ತೂಕ, ಇಬ್ಬರು ಹಿಡಿಯಬೇಕಿತ್ತು. ಅವರ ಪೆಟ್ರೋಲಿನದು ಬಂದದ್ದು 1929ರಲ್ಲಿ.

ಎರಡಡಿ ಮೇಲಿನ ಹುಣಸೆ ಬೊಡ್ಡೆ, ದಿನವಿಡೀ ಕೊಯ್ಯೋ ಕೆಲಸ, ಮಾರೋಕೆ ಮರ ಕಡಿಯೋದು, ಇವಕ್ಕೆ ಪೆಟ್ರೋಲೇ ಬೇಕು. ಅದರಲ್ಲಿ ನನಗೆ ವಾದವಿಲ್ಲ. ನಮ್ಮ ಹೊಲದ ಹುಣಸೆ ಬಿದ್ದಾಗ ನಾನೂ ಆಳು ಕರೆಸಿದೆ. ನನ್ನ ಹಳೇ 58 ಸಿಸಿ ಈಗ ಸೌದೆ ಡಿಪೋದವನ ಹತ್ತಿರ ಇದೆ. ಅವನು ದಿನಾ ಓಡಿಸುತ್ತಾನೆ, ಎರಡನೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದಂತೆ. ಅವನು ಕೊಟ್ಟ 2,500ರಲ್ಲಿ ನಾನು ಹೊಸ ಚೈನು ಎರಡು, ಒಂದು ಡಬ್ಬಿ ಅರ ತಂದೆ.