ಲಾವಂಚ ಕೇಳಿದರೆ ಲ್ಯಾವೆಂಡರ್ ಕೊಟ್ಟರು

ಅಂಗಡಿಯಲ್ಲಿ ನಾನು ಕೇಳಿದ್ದು ಲಾವಂಚದ ಎಣ್ಣೆ, ಹುಡುಗ ಕಟ್ಟಿಕೊಟ್ಟದ್ದು ಲ್ಯಾವೆಂಡರ್. ಚೀಟಿ ಓದದೆ ತಂದಿದ್ದು ನನ್ನ ತಪ್ಪೇ. ಮನೆಗೆ ಬಂದು ಮುಚ್ಚಳ ತೆಗೆದೆ. ಬೇಸಿಗೆಯಲ್ಲಿ ಅಜ್ಜಿ ಮನೆಯ ಕಿಟಕಿಗೆ ಕಟ್ಟಿ ನೀರು ಚಿಮುಕಿಸುತ್ತಿದ್ದ ಲಾವಂಚದ ಬೇರಿನ ತಟ್ಟಿಯ ಘಮ ಎಲ್ಲಿ, ಈ ಹೋಟೆಲ್ ಸೋಪಿನ ವಾಸನೆ ಎಲ್ಲಿ! ವಾಪಸ್ ಕೊಡಲು ಹೋದರೆ, "ಓಪನ್ ಮಾಡ್ಬಿಟ್ಟಿದೀರಲ್ಲ ಮೇಡಂ" ಅಂದ. ಬೇರೆ ಕಡೆ ಹುಡುಕಿ ಲಾವಂಚವನ್ನೂ ತಂದೆ. ಎರಡು ಸೀಸೆ ಎದುರಿಗಿದ್ದಾಗ ಬೆರೆಸಿ ನೋಡುವ ಹುಚ್ಚು ಹತ್ತಿತು.

ಹುಚ್ಚು ಹತ್ತಿದ ಮೇಲೆ ಕೇಳಬೇಕೆ? ನೀಲಗಿರಿ, ಲವಂಗ, ಕಿತ್ತಳೆ, ಪುದೀನ, ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್) ಎಲ್ಲವನ್ನೂ ತಂದು ಒಂದೇ ಸೀಸೆಗೆ ಸುರಿದೆ. ಅಮ್ಮ ಬಾಗಿಲಲ್ಲೇ ನಿಂತು, "ಏನೇ, ನೆಗಡಿಯಾ? ಅಮೃತಾಂಜನ ಹಚ್ಕೊಂಡಿದೀಯಾ?" ಅಂದರು. ಅದೇ ವಾರ ಲವಂಗದ ಎಣ್ಣೆಯನ್ನು ಹಾಗೇ ಮಣಿಕಟ್ಟಿಗೆ ಹಚ್ಚಿಕೊಂಡೆ. ಹತ್ತು ನಿಮಿಷಕ್ಕೆ ಚರ್ಮ ಕೆಂಪೇರಿ ಮೆಣಸಿನಕಾಯಿ ಅರೆದು ಮೆತ್ತಿದ ಹಾಗೆ ಉರಿಯಿತು. ನೀರಲ್ಲಿ ತೊಳೆದಷ್ಟೂ ಹೋಗಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ ಆಮೇಲೆ ಸೋಪು ಹಾಕಿದಾಗ ಅಡಗಿತು. ಎಣ್ಣೆಯನ್ನು ಎಣ್ಣೆಯೇ ತೆಗೆಯಬೇಕು ಅನ್ನೋದು ಅಡುಗೆಮನೆಯಲ್ಲಿ ಗೊತ್ತಿದ್ದದ್ದೇ, ಹೊತ್ತಿಗೆ ನೆನಪಾಗಲಿಲ್ಲ ಅಷ್ಟೆ.

ಆಮೇಲೆ ಬೆರೆಸುವುದನ್ನು ಬಿಟ್ಟು ಬರೀ ಮೂಸಿದೆ. ದಿನಕ್ಕೆ ಒಂದೇ ಎಣ್ಣೆ. ಬಿಳಿ ಡ್ರಾಯಿಂಗ್ ಹಾಳೆಯ ಪಟ್ಟಿಗೆ ಒಂದು ಹನಿ, ಪಟ್ಟಿಯ ತುದಿಯಲ್ಲಿ ಹೆಸರು, ಹೊತ್ತು. ಹತ್ತು ನಿಮಿಷ ಬಿಟ್ಟು ಒಮ್ಮೆ, ಊಟದ ಹೊತ್ತಿಗೊಮ್ಮೆ, ಮಾರನೇ ಬೆಳಗ್ಗೆ ಒಮ್ಮೆ ಮೂಸಿ ನೋಟ್‌ಬುಕ್ಕಲ್ಲಿ ಬರೆದಿಟ್ಟೆ. ಕಿತ್ತಳೆ ಮಧ್ಯಾಹ್ನದೊಳಗೆ ಮಾಯ. ಲ್ಯಾವೆಂಡರ್ ಸಂಜೆವರೆಗೆ ಎಳೆದಾಡಿತು. ಲಾವಂಚ ಮೂರನೇ ದಿನವೂ ಪಟ್ಟಿ ಬಿಟ್ಟು ಕದಲಿರಲಿಲ್ಲ. ಇದಕ್ಕೆ ಕಾರಣ ಭಟ್ಟಿಯಲ್ಲೇ ಇದೆ. ಮಜ್ಜಿಗೆ ಹುಲ್ಲಿನ ಎಣ್ಣೆ ಕೆಲವೇ ಗಂಟೆಯಲ್ಲಿ ಆವಿಯ ಜೊತೆ ಇಳಿದುಬಿಡುತ್ತೆ, ಲಾವಂಚದ ಬೇರನ್ನು ಹಗಲು ರಾತ್ರಿ ಕುದಿಸಬೇಕು. ಭಟ್ಟಿಯಿಂದ ಹೊರಬರಲು ಸತಾಯಿಸುವಂಥದ್ದು ಮೈಮೇಲಿಂದ ಹೋಗಲೂ ಸತಾಯಿಸುತ್ತೆ.

ಹನಿ ಲೆಕ್ಕದಲ್ಲೂ ಲಾವಂಚ ನನ್ನನ್ನು ಆಟವಾಡಿಸಿತು. ನೀಲಗಿರಿ ಟಪಟಪ ಅಂತ ಬೀಳುತ್ತೆ. ಲಾವಂಚ ಜೋನಿಬೆಲ್ಲದ ಥರ; ಸೀಸೆ ಓರೆ ಹಿಡಿದು ಕಾದರೂ ತುದಿಯಲ್ಲಿ ತೂಗುತ್ತಾ ನಿಲ್ಲುತ್ತೆ, ಬಿದ್ದರೆ ದಪ್ಪ ಹನಿ. ಅಂಗೈಯಲ್ಲಿ ಎರಡು ನಿಮಿಷ ಹಿಡಿದು ಬೆಚ್ಚಗೆ ಮಾಡಿಕೊಂಡರೆ ಸಲೀಸು. ಈಗ ಮುಖ್ಯವಾದ ಮಿಶ್ರಣಗಳಿಗೆ ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ಬಳಸುತ್ತೇನೆ. ಶುರುವಿಗೆ ಅದೇನೂ ಬೇಡ, ಒಂದೇ ಥರದ ಡ್ರಾಪರ್ ಇದ್ದರೆ ಸಾಕು. ಅದರ ರಬ್ಬರನ್ನು ಮಾತ್ರ ಎಣ್ಣೆಯಲ್ಲಿ ಬಿಡಬೇಡಿ. ನನ್ನದು ಅಂಟಂಟಾಗಿ ಕರಗಿತು. ಪ್ಲಾಸ್ಟಿಕ್ ಬೇಡ, ಕಂದು ಗಾಜಿನ ಸೀಸೆಯೇ ಸರಿ.

ಮೈಗೆ ಹಚ್ಚುವ ಲೆಕ್ಕ ಹೀಗೆ: ಸುಮಾರು 20 ಹನಿಗೆ 1 ಮಿಲಿ. ಹಾಗಾಗಿ 10 ಮಿಲಿ ಮೂಲ ಎಣ್ಣೆಗೆ (ಘಾಟಿನ ಎಣ್ಣೆಯನ್ನು ತೆಳುಮಾಡುವ ಸಾದಾ ಎಣ್ಣೆ) 4 ಹನಿ ಹಾಕಿದರೆ ಶೇ 2. ಅದನ್ನು ದಾಟಬೇಡಿ. ಮುಖಕ್ಕಾದರೆ 2 ಹನಿ. ಲವಂಗವಾದರೆ ಶೇ ಅರ್ಧವನ್ನು ದಾಟಬೇಡಿ. ಹೊಸ ಮಿಶ್ರಣವನ್ನು ಮೊಣಕೈ ಒಳಮಡಿಕೆಗೆ ಹಚ್ಚಿ ಒಂದು ದಿನ ಕಾಯುತ್ತೇನೆ. ಮೂಲ ಎಣ್ಣೆಯಾಗಿ ಮೊದಲು ಕೊಬ್ಬರಿ ಎಣ್ಣೆ ಹಾಕಿದೆ; ಡಿಸೆಂಬರ್ ಬಂತು, ರೋಲ್-ಆನ್ ಒಳಗೇ ಹೆಪ್ಪುಗಟ್ಟಿತು. ಎಳ್ಳೆಣ್ಣೆ ತನ್ನದೇ ವಾಸನೆ ಮುಂದೆ ಮಾಡುತ್ತೆ. ಬಾದಾಮಿ ಎಣ್ಣೆಗೆ ಬಂದು ನಿಂತಿದ್ದೇನೆ.

ಈಗ ಆ ತಟ್ಟಿಯ ಘಮವನ್ನು ಸೀಸೆಗೆ ತರಲು ಹೊರಟ ವಿಷಯ. ಬರೀ ಲಾವಂಚ ಹಚ್ಚಿದರೆ ಮಣ್ಣು ಮಣ್ಣು, ಒಂಥರಾ ಭಾರ. ಮೇಲೊಂದಿಷ್ಟು ಹಸಿರು ಬೇಕು ಅನ್ನಿಸಿ ಮಜ್ಜಿಗೆ ಹುಲ್ಲು 3 ಹನಿ ಹಾಕಿದೆ. ಇಡೀ ಸೀಸೆ ನೆಲ ಒರೆಸುವ ಫಿನಾಯಿಲ್ ಆಯಿತು. ಅದರ ಘಾಟು ಎಂಥದ್ದೆಂದರೆ ಹನ್ನೆರಡರಲ್ಲಿ ಒಂದು ಹನಿಯಿದ್ದರೂ ಗೊತ್ತಾಗುತ್ತೆ. ಆರೇಳು ಸಲ ಕೆಡಿಸಿದ ಮೇಲೆ ನಿಂತ ಲೆಕ್ಕ: ಲಾವಂಚ 5 ಹನಿ, ಲ್ಯಾವೆಂಡರ್ 6, ಮಜ್ಜಿಗೆ ಹುಲ್ಲು 1 (ಮೈಗೆ ಹಚ್ಚಲು, ಶೇ 2ರ ಲೆಕ್ಕದಲ್ಲಿ ಇದಕ್ಕೆ ಮೂಲ ಎಣ್ಣೆ 30 ಮಿಲಿ). ತಪ್ಪಾಗಿ ಬಂದ ಲ್ಯಾವೆಂಡರೇ ಕೊನೆಗೆ ನಡುವೆ ಕೂತು ಇಬ್ಬರನ್ನೂ ರಾಜಿ ಮಾಡಿಸಿತು. ಬೆರೆಸಿದ ದಿನ ಮೂರೂ ಬೇರೆ ಬೇರೆ ಮಾತಾಡುತ್ತವೆ. ಸೀಸೆ ಮುಚ್ಚಿ ಕತ್ತಲಲ್ಲಿಟ್ಟು ಐದು ದಿನ ಬಿಟ್ಟು ಮೂಸಿ, ಆಮೇಲೆ ತೀರ್ಮಾನಿಸಿ. ಚೆನ್ನಾಗಿಲ್ಲ ಅಂತ ಮೊದಲ ದಿನವೇ ಇನ್ನೆರಡು ಹನಿ ಸೇರಿಸಿ ಕೆಡಿಸಿದ್ದೇ ನಾನು ಹೆಚ್ಚು.

ಮಕ್ಕಳ ವಿಷಯದಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ನಾದಿನಿ ಕೂಸಿನ ನೆಗಡಿಗೆ ನೀಲಗಿರಿ ಕೇಳಿದಾಗ ಕೊಡಲಿಲ್ಲ, ಬೇಜಾರು ಮಾಡಿಕೊಂಡಳು. ಎಳೆ ಮಕ್ಕಳ ಮೂಗಿನ ಹತ್ತಿರ ಅದು ಸಲ್ಲದು, ಹೊಟ್ಟೆಗೆ ಹೋದರಂತೂ ವಿಷ, ಫಿಟ್ಸ್ ಬರಬಹುದು. ನಿಂಬೆ ಸಿಪ್ಪೆ ಹಿಂಡಿ ತೆಗೆದ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ, ಚರ್ಮ ಸುಟ್ಟಂತಾಗುತ್ತೆ. ಹಳೆಯದಾದ ಕಿತ್ತಳೆ, ನಿಂಬೆ ಎಣ್ಣೆಯನ್ನು ಚೆಲ್ಲುವುದೇ ಲೇಸು. ಗಾಳಿಯಾಡಿ ಕೆಟ್ಟದ್ದು ತುರಿಕೆ ತರುತ್ತೆ.

ಅಜ್ಜಿ ಮನೆಯಲ್ಲಿ ಬೆಳೆದವರು ಅಮ್ಮ, ಪರೀಕ್ಷೆಗೆ ಅವರೇ ಸರಿ ಅಂತ ಕೈಗೆ ಹಚ್ಚಿದೆ. ಬಹಳ ಹೊತ್ತು ಮೂಸಿದರು. "ಬೇರು ಸರಿಯಾಗಿದೆ ಕಣೆ. ಒದ್ದೆ ಇಲ್ಲ" ಅಂದರು.

ನಿಜ. ತಟ್ಟಿಗೆ ನೀರು ಬಿದ್ದಾಗಿನ ಆ ತಂಪು ನನ್ನ ಸೀಸೆಯಲ್ಲಿಲ್ಲ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಸುಟ್ಟ ಮಣ್ಣನ್ನು ಭಟ್ಟಿಗೆ ಹಾಕಿ, ಅದರ ಆವಿಯನ್ನು ಗಂಧದೆಣ್ಣೆಗೆ ಇಳಿಸಿ ಮಿಟ್ಟಿ ಅತ್ತರ್ ಮಾಡುತ್ತಾರೆ. ಮೊದಲ ಮಳೆಯ ವಾಸನೆ ಅದಕ್ಕೆ. ಚಿಕ್ಕದೊಂದು ಸೀಸೆ ತರಿಸಿ, ಲಾವಂಚ ಒಂದು ಹನಿ ಕಡಿಮೆ ಮಾಡಿ ಆ ಜಾಗಕ್ಕೆ ಇದನ್ನು ಒಂದು ಹನಿ ಹಾಕಿಟ್ಟಿದ್ದೇನೆ. ಐದನೇ ದಿನ ಗುರುವಾರಕ್ಕೆ ಬರುತ್ತೆ.